ಮೂರನೇ ಕಾಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ, ಕಚೇರಿಯ ಸಭಾಂಗಣದ ಗೋಡೆಯಲ್ಲಿ ಒಂದು ತೂತು ಕಡಿಮೆ ಇದ್ದದ್ದು.

ಆ ಕಚೇರಿಯ ಗುಮಾಸ್ತನೊಬ್ಬನನ್ನು ಎಲ್ಲರೂ ಬೆಸುಗೆರಾಯ ಎಂದೇ ಕರೆಯುತ್ತಿದ್ದರು. ನೀರಿನ ಬಿಲ್ಲು ಬರೆಯುವುದು ಅವನ ಹೊಟ್ಟೆಪಾಡು. ತಂತಿಗೆ ತಂತಿ ಬೆಸೆಯುವುದು ಅವನ ಹುಚ್ಚು. ಬೆರಳ ತುದಿಯಲ್ಲಿ ಹೊಸ ಸುಟ್ಟಗಾಯ ಇಲ್ಲದ ದಿನ ಅವನ ಮುಖ ಕಳೆಗುಂದುತ್ತಿತ್ತು. ಹೆಂಡತಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಮಗಳು ಅವಳ ಜೊತೆ. ಈಗಷ್ಟೇ ಮಾತು ಕಲಿಯುತ್ತಿದ್ದ ಆ ಮಗುವಿಗೆ ಅಪ್ಪ ಎಂದರೆ ಫೋನಿನೊಳಗೆ ವಾಸಮಾಡುವ ಒಂದು ದನಿ. ಯಾರಾದರೂ "ಅಪ್ಪ ಎಲ್ಲಿ ಪುಟ್ಟಿ?" ಎಂದರೆ ಫೋನನ್ನು ತಿರುಗಿಸಿ ಅದರ ಬೆನ್ನು ನೋಡುತ್ತಿತ್ತು.

ಬೆಸುಗೆರಾಯನ ವರ್ಗಾವಣೆಯ ಫೈಲು ಎಲ್ಲ ಮೇಜುಗಳನ್ನೂ ದಾಟಿ, ದೊಡ್ಡ ಸಾಹೇಬರ ಒಂದೇ ಒಂದು ಸಹಿಗಾಗಿ ಕಾದು ಕೂತಿತ್ತು. ಆ ದೊಡ್ಡ ಸಾಹೇಬರೇ ಅಂದು ವಾರ್ಷಿಕ ಸಭೆಗೆ ಬರುವವರಿದ್ದರು.

"ನೋಡಪ್ಪಾ," ಎಂದು ಮ್ಯಾನೇಜರು ಮೊದಲೇ ಎಚ್ಚರಿಸಿದ್ದರು. "ಹೋದ ವರ್ಷ ಬಾಡಿಗೆ ಮೈಕು ಕಿರ್ರೋ ಅಂತು. ಸಾಹೇಬ್ರು ಭಾಷಣ ಅರ್ಧಕ್ಕೇ ಬಿಟ್ಟು ಎದ್ದುಹೋದ್ರು. ಒಂದು ಫೈಲಿಗೂ ಸಹಿ ಬೀಳ್ಲಿಲ್ಲ. ಈ ಸಲ ಮೈಕಿನ ಜವಾಬ್ದಾರಿ ನಿಂದು. ಅವರ ಕಿವಿ ತಣ್ಣಗಿದ್ರೆ ನಿನ್ನ ಸಂಸಾರ ಒಂದಾಗುತ್ತೆ. ಇಲ್ದಿದ್ರೆ ನಾನಂತೂ ಏನೂ ಮಾಡಕ್ಕಾಗಲ್ಲ."

ಬೆಸುಗೆರಾಯ ತಾನೇ ಆಂಪ್ಲಿಫೈಯರ್ ಕಟ್ಟಿದ್ದ. ದೊಡ್ಡದೊಂದು ಬಿಸ್ಕತ್ತಿನ ತಗಡು ಡಬ್ಬದ ಒಂದು ಮೂಲೆಗೆ ಟ್ರಾನ್ಸ್‌ಫಾರ್ಮರ್, ಅದರಿಂದ ಆದಷ್ಟು ದೂರದ ಮೂಲೆಗೆ ಮೈಕಿನ ತಂತಿ. ಜಗಳವಾಡಿದ ಅತ್ತೆಸೊಸೆಯರನ್ನು ಕೂರಿಸಿದ ಹಾಗೆ. ನಡುವೆ ಎರಡು ದಪ್ಪ ಕೆಪಾಸಿಟರ್. ಗೋಡೆಯ ಕರೆಂಟು ಏರುತ್ತ ಇಳಿಯುತ್ತ ಕುಣಿದುಕೊಂಡು ಬಂದರೂ, ಬಂದದ್ದನ್ನೆಲ್ಲ ಡಬ್ಬಿಗೆ ತುಂಬಿಟ್ಟು ದಿನಾ ಒಂದೇ ಅಳತೆಯಲ್ಲಿ ಬಡಿಸುವ ಮನೆಯ ಹಿರಿಯಜ್ಜಿಯಂತೆ ಅವು ಸಮಮಾಡಿ ಮುಂದಕ್ಕೆ ಕೊಡುತ್ತವೆ. ಈ ವಿದ್ಯೆ ಕಲಿಸಿದ ರೇಡಿಯೊ ರಿಪೇರಿಯ ತಾತ ಬಾರಿ ಬಾರಿ ಹೇಳಿ ಕಳಿಸಿದ್ದ: "ಮೊದಲ ಸಲ ಕರೆಂಟು ಕೊಡುವಾಗ ದಾರಿ ಮಧ್ಯೆ ಒಂದು ಬಲ್ಬು ಇಟ್ಕೊ. ಅದು ಪೂರ್ತಿ ಉರಿದ್ರೆ ಒಳಗೆಲ್ಲೋ ತಾಗಬಾರದ್ದು ತಾಗಿದೆ ಅಂತ. ಮಿಣುಕಿ ಸುಮ್ಮನಾದ್ರೆ ಕ್ಷೇಮ. ಆಮೇಲೆ ಡಬ್ಬಕ್ಕೆ ಅರ್ತ್ ಕೊಡೋದು ಮರೀಬೇಡ. ನಿನ್ನ ಹೆಸರು ಮರೆತ್ರೂ ಅದನ್ನ ಮರೀಬೇಡ."

ಬೆಸುಗೆರಾಯ ಮರೆತಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಕೊನೆಯ ಪರೀಕ್ಷೆ ಮಾಡಿದ. ಬಲ್ಬು ಮಿಣುಕಿ ಸುಮ್ಮನಾಯಿತು. ಸ್ಪೀಕರಿಗೆ ಕಿವಿಯಿಟ್ಟರೆ ಪಾಳುಬಾವಿಯಷ್ಟು ಮೌನ. ಅಷ್ಟರಲ್ಲಿ ಹೆಂಡತಿಯ ಫೋನು.

"ರೀ, ಸಂಜೆ ಏನಂತ ಹೇಳ್ತೀರಾ ನಂಗೆ?"

"ಪೆಟ್ಟಿಗೆ ಕಟ್ಟಿದ್ದೀನಿ ಅಂತ."

"ಅಯ್ಯೋ, ನಿಮ್ದು ಮನೆ ತುಂಬ ಪೆಟ್ಟಿಗೆನೇ. ಇದು ಏನು ಕೂಗೋದು?"

"ಬಟ್ಟೆ ಪೆಟ್ಟಿಗೆ ಕಣೇ!"

ಆ ಕಡೆಯಿಂದ ಅವಳು ಮೂಗು ಒರೆಸಿಕೊಂಡ ಸದ್ದು ಬಂತು.

ಸಭಾಂಗಣದಲ್ಲಿ ನೆರವಿಗೆ ಸ್ಟೋರ್ ಮಾಮ ಹಾಜರಾಗಿದ್ದ. ಕಚೇರಿಯ ಉಗ್ರಾಣ ನೋಡಿಕೊಳ್ಳುವ ಈ ಮಾಮನಿಗೆ ದಿನಕ್ಕೊಬ್ಬರಿಗಾದರೂ ಉಪಕಾರ ಮಾಡದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಬೆಸುಗೆರಾಯ ಚಪ್ಪಲಿ ಬಿಟ್ಟು, ಸ್ಟೂಲು ಹತ್ತಿ, ಸ್ಪೀಕರನ್ನು ಕಂಬಕ್ಕೆ ಕಟ್ಟುತ್ತಿದ್ದ. ಕೆಳಗೆ ಪ್ಲಗ್ಗು ಹಿಡಿದಿದ್ದ ಮಾಮ ಬೀರುವಿನ ಹಿಂದಿನಿಂದ ಕೂಗಿದ.

"ತಮ್ಮಾ, ಇಲ್ಲಿ ಎರಡೇ ತೂತಿದೆಯಲ್ಲೋ! ನಿಂದಕ್ಕೆ ಮೂರು ಕಾಲು."

"ಒಂದ್ನಿಮಿಷ ಮಾಮ, ಬಂದೆ."

"ನೀನು ಕಟ್ಟು, ನೀನು ಕಟ್ಟು. ನಾನಿಲ್ವಾ?"

ಬೆಸುಗೆರಾಯ ಇಳಿಯುವಷ್ಟರಲ್ಲಿ ಪ್ಲಗ್ಗು ಗೋಡೆಗೆ ಸೇರಿತ್ತು. ಅದೇ ಗಳಿಗೆಗೆ ಮ್ಯಾನೇಜರು ಬಾಗಿಲಲ್ಲಿ ಕಾಣಿಸಿಕೊಂಡು, "ಸಾಹೇಬ್ರು ಹೊರಟ್ರಂತೆ! ಎಲ್ಲಿ, ಹಚ್ಚು ನೋಡೋಣ" ಎಂದರು. ಬೆಸುಗೆರಾಯ ಸ್ವಿಚ್ಚು ಹಾಕಿದ.

ಗುಂಯ್ಯ್ಯ್...

ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಮ್ಯಾನೇಜರ ಮುಖ ಬಾಡಿಹೋಯಿತು. "ಇದೇನೋ ಇದು!"

"ಬೆಳಿಗ್ಗೆ ಇರ್ಲಿಲ್ಲ ಸಾರ್! ಮಾಮ, ಪ್ಲಗ್ಗು ಸಡಿಲ ಇದೆಯಾ?"

"ಕಲ್ಲಿನ ಹಾಗೆ ಕೂತಿದೆ." ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲ, ಆದರೆ ಕೇಳಿದ್ದಕ್ಕೆ ಮಾಮ ಸುಳ್ಳು ಹೇಳಲಿಲ್ಲ.

ಕಚೇರಿಯೇ ಡಬ್ಬದ ಸುತ್ತ ಸೇರಿತು. ಕ್ಯಾಷಿಯರು, "ಕೆಪಾಸಿಟರ್ ಸಣ್ಣದಾಯ್ತು. ನನ್ನ ಬಾಮೈದ ಆಗಿದ್ರೆ ಕುಂಬಳಕಾಯಿ ಗಾತ್ರದ್ದು ಹಾಕ್ತಿದ್ದ" ಎಂದ. ಟೈಪಿಸ್ಟ್ ಅಕ್ಕ, "ಟ್ಯೂಬ್‌ಲೈಟೇ ಗುಂಯ್ ಅನ್ನೋದು, ಆರಿಸ್ರೋ" ಎಂದಳು. ಆರಿಸಿದರು. ಕತ್ತಲಲ್ಲಿ ಇಬ್ಬರ ಹಣೆ ಡಿಕ್ಕಿ ಹೊಡೆಯಿತೇ ಹೊರತು ಗುಂಯ್ ನಿಲ್ಲಲಿಲ್ಲ.

"ನಾಲ್ಕು ಬಾರಿಸ್ಬೇಕು ಇದಕ್ಕೆ. ನಮ್ಮನೆ ಟೀವಿಗೆ ಅದೇ ಔಷಧಿ" ಎಂದು ಮಾಮ ಕೈ ಎತ್ತಿದ.

"ಬೇಡ ಮಾಮಾ!" ಬೆಸುಗೆರಾಯ ಡಬ್ಬದ ಮೇಲೆ ಅಡ್ಡಲಾಗಿ ಕೈಯಿಟ್ಟ.

ಮೌನ. ಹಾಲುಂಡ ಮಗು ನಿದ್ದೆಹೋದಂಥ ಮೌನ.

ಕೈ ತೆಗೆದ. ಗುಂಯ್. ಒಂದೇ ಬೆರಳಿಟ್ಟ. ಮೌನ. ಅಕ್ಕ ಬೆರಳಿಟ್ಟಳು, ಗುಂಯ್. ಮಾಮ ಎರಡೂ ಅಂಗೈ ಇಟ್ಟ, ಆಗಲೂ ಗುಂಯ್.

"ಸಾಕಿದವರ ಕೈಗೇ ಬಗ್ಗೋದು ನೋಡು ಇದು" ಎಂದಳು ಅಕ್ಕ ಬೆರಗಿನಿಂದ. ಎಲ್ಲರ ಕಾಲಲ್ಲೂ ರಬ್ಬರ್ ಚಪ್ಪಲಿ ಇದ್ದದ್ದನ್ನೂ, ಬೆಸುಗೆರಾಯನೊಬ್ಬನೇ ಬರಿಗಾಲಲ್ಲಿ ನೆಲದ ಮೇಲೆ ನಿಂತದ್ದನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೊರಗೆ ಕಾರಿನ ಹಾರ್ನು ಕೇಳಿಸಿತು. ಮ್ಯಾನೇಜರು ಹಲ್ಲು ಕಚ್ಚಿ ಪಿಸುಗುಟ್ಟಿದರು: "ಪರದೆ ಹಿಂದೆ ಕೂತ್ಕೊ. ಬೆರಳು ತೆಗೆದೆಯೋ, ಫೈಲು ಹೋಯ್ತು ಅಂತ ತಿಳ್ಕೊ!"

ಹೀಗೆ ಬೆಸುಗೆರಾಯ ಪರದೆಯ ಹಿಂದೆ ಕುಕ್ಕರಗಾಲಲ್ಲಿ ಕೂತ. ತೋರುಬೆರಳು ಡಬ್ಬದ ಮೇಲೆ. ಬೆರಳಿನಿಂದ ಮೊಣಕೈವರೆಗೆ ಇರುವೆ ಹರಿದಂತೆ ಜುಮುಜುಮು. ಆಚೆ ಸಾಹೇಬರ ಭಾಷಣ ನದಿಯಂತೆ ಹರಿಯುತ್ತಿತ್ತು, ದಡವೇ ಕಾಣುತ್ತಿರಲಿಲ್ಲ. ಮೂಗಿನ ತುದಿಗೆ ನೊಣ ಕೂತಿತು. ಊದಿದ. ಅದು ಹಾರಿ ಕಿವಿಗೆ ಬಂತು. ಕಾಲು ಮರಗಟ್ಟಿತು. ಜೇಬಿನಲ್ಲಿ ಫೋನು ನಡುಗಿತು, ಹೆಂಡತಿಯೇ ಇರಬೇಕು. ಬೆರಳು ಕದಲಲಿಲ್ಲ.

ಪರದೆ ಸರಿಸಿ ಅಕ್ಕ ಇಣುಕಿದಳು. ಅವಳ ಕೈಯಲ್ಲಿ ಅವನ ಚಪ್ಪಲಿಗಳಿದ್ದವು. "ನೆಲ ಐಸಿನ ಹಾಗಿದೆ ತಮ್ಮಾ, ಶೀತ ಆಗುತ್ತೆ" ಎನ್ನುತ್ತ ತಾಯಿಯ ಮಮತೆಯಿಂದ ಒಂದೊಂದೇ ಕಾಲೆತ್ತಿ ತೊಡಿಸಿದಳು.

ಗುಂಯ್ಯ್ಯ್!

ಸಾಹೇಬರು ಮಾತು ನಿಲ್ಲಿಸಿದರು. ಮ್ಯಾನೇಜರು ಕಣ್ಣು ಮುಚ್ಚಿದರು. ಬೆಸುಗೆರಾಯ ಕತ್ತೆಯಂತೆ ಕಾಲು ಜಾಡಿಸಿದ. ಒಂದು ಚಪ್ಪಲಿ ಹಾರಿ ಹೂಜಿಗೆ ಬಡಿಯಿತು. ಪಾದ ನೆಲ ಮುಟ್ಟಿದ್ದೇ ತಡ, ಮೌನ. ಭಾಷಣ ಮತ್ತೆ ಹರಿಯಿತು.

ಆಗ ಬೆಸುಗೆರಾಯನ ತಲೆಯಲ್ಲಿ ಬಲ್ಬು ಪೂರ್ತಿ ಉರಿಯಿತು. ಅರ್ತ್! ಡಬ್ಬದ ತಂತಿ ನೆಲ ಸೇರಬೇಕಾದದ್ದು ಪ್ಲಗ್ಗಿನ ಮೂರನೇ ಕಾಲಿನ ಮೂಲಕ. ಆ ಕಾಲಿನ ಕೆಲಸವನ್ನು ಈಗ ತಾನು ಮಾಡುತ್ತಿದ್ದೇನೆ!

"ಮಾಮಾ," ಎಂದು ಆಚೆ ಮೂಲೆಯಲ್ಲಿ ನಿಂತಿದ್ದವನತ್ತ ಗಂಟಲೊಳಗೇ ಕಿರುಚಿದ. "ಮೂರನೇ ಕಾಲು ಎಲ್ಲಿ?" ಮಾಮ ತನ್ನ ಕಾಲುಗಳನ್ನು ನೋಡಿಕೊಂಡ. ಬೆಸುಗೆರಾಯ ಪ್ಲಗ್ಗಿನತ್ತ ಗದ್ದ ತೋರಿಸಿದ. ಮಾಮ ನಕ್ಕು, ಎಲ್ಲ ಭದ್ರವಾಗಿದೆ ಎಂಬಂತೆ ಅಭಯಹಸ್ತ ತೋರಿದ.

ಭಾಷಣ ಮುಗಿಯಿತು. ಚಪ್ಪಾಳೆ. ಸಾಹೇಬರು ಕೂತಲ್ಲಿಂದಲೇ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, "ಇಷ್ಟು ತಿಳಿಯಾಗಿ ನನ್ನ ದನಿ ನಾನೇ ಯಾವತ್ತೂ ಕೇಳಿರಲಿಲ್ಲ. ಯಾರಪ್ಪ ಈ ಯಂತ್ರ ಮಾಡಿದ್ದು? ವೇದಿಕೆಗೆ ಬಾ" ಎಂದರು.

ಬೆಸುಗೆರಾಯ ಕದಲಲಿಲ್ಲ. ಹೇಗೆ ಕದಲುವುದು? ಫೈಲು ಅವರ ಮುಂದಿನ ಮೇಜಿನ ಮೇಲೇ ಇತ್ತು.

"ಬಾರಪ್ಪಾ, ಸಂಕೋಚ ಯಾಕೆ?"

ಕದಲಲಿಲ್ಲ.

"ನೋಡಿ!" ಸಾಹೇಬರ ಕಣ್ಣು ತುಂಬಿಬಂತು. "ಎಂಥ ವಿನಯ! ಹೊಗಳಿಕೆ ಅಂದ್ರೆ ಓಡಿಬರೋ ಕಾಲ ಇದು."

ಮ್ಯಾನೇಜರು ಇದೇ ಸಮಯವೆಂದು ಫೈಲನ್ನು ಮುಂದೆ ಸರಿಸಿದರು. "ಇದು ಅವನದೇ ವರ್ಗಾವಣೆ, ಸಾರ್. ಒಂದು ಸಹಿ..."

"ವರ್ಗಾವಣೆ?" ಸಾಹೇಬರು ಗಾಬರಿಯಾದರು. "ಇಂಥವನನ್ನ ಬಿಟ್ಟುಕೊಡೋದಾ? ಸಾಧ್ಯವೇ ಇಲ್ಲ. ಇನ್ಮೇಲೆ ಪ್ರತಿ ತಿಂಗಳೂ ಇಲ್ಲೇ ಸಭೆ ಇಡೋಣ. ಈ ಹುಡುಗ ಇಲ್ಲೇ ಇರಲಿ."

"ಬೇಡ ಸಾರ್! ನನ್ನ ಮಗಳು..." ಬೆಸುಗೆರಾಯ ಪರದೆ ಹರಿದುಕೊಂಡು ಹಾರಿ ಬಂದ. ಬೆರಳು ಡಬ್ಬ ಬಿಟ್ಟಿತು. ಗುಂಯ್ಯ್ಯ್ ಎಂಬ ಗರ್ಜನೆ ಎದ್ದು ಮಗಳು, ಹೆಂಡತಿ, ದೂರದ ಊರು ಎಲ್ಲವನ್ನೂ ನುಂಗಿ ನೀರು ಕುಡಿಯಿತು. ಬಾಯಿ ಆಡುವುದಷ್ಟೇ ಕಂಡಿತು. ಜನ ಕಿವಿ ಮುಚ್ಚಿಕೊಂಡರು. ಮ್ಯಾನೇಜರು ಅವನ ರಟ್ಟೆ ಹಿಡಿದು ಡಬ್ಬದ ಪಕ್ಕಕ್ಕೆ ಎಳೆದೊಯ್ದು ಬೆರಳನ್ನು ಒತ್ತಿದರು. ಮೌನ.

"ನೋಡಿದ್ರಾ?" ಎಂದರು ಸಾಹೇಬರು ಆ ಮೌನದಲ್ಲಿ. "ಇವನು ಒಂದು ಗಳಿಗೆ ಎದ್ದರೆ ಏನಾಗುತ್ತೆ ಅಂತ!" ಫೈಲಿನ ಮೇಲೆ ದುಂಡಗೆ, ಒಂದಕ್ಷರವೂ ನಡುಗದಂತೆ, 'ರದ್ದು' ಎಂದು ಬರೆದು ಸಹಿ ಹಾಕಿದರು.

ಸಭೆ ಚದುರಿತು. ಬೆಸುಗೆರಾಯ ಇನ್ನೂ ಬೆರಳಿಟ್ಟುಕೊಂಡೇ ಕೂತಿದ್ದ. ಸ್ವಿಚ್ಚು ಆರಿಸಿದ್ದು ಅಕ್ಕ. ಜೇಬಿನಲ್ಲಿ ಫೋನು ಮತ್ತೆ ನಡುಗತೊಡಗಿತು. ಸ್ಟೋರ್ ಮಾಮ ಪ್ಲಗ್ಗು ಕಿತ್ತು ತಂದ. ಅದಕ್ಕೆ ಎರಡೇ ಕಾಲು, ಮೂರನೆಯದರ ಜಾಗದಲ್ಲಿ ಗುಂಡಗಿನ ತೂತು.

"ಮಾಮಾ," ಎಂದ ಬೆಸುಗೆರಾಯ. "ಆ ಹಿತ್ತಾಳೆ ಕಾಲು ಎಲ್ಲಿ ಎಸೆದೆ?"

"ಎಸೆಯೋದಾ? ಒಳ್ಳೆ ಹಿತ್ತಾಳೆ ಯಾರಾದ್ರೂ ಎಸೀತಾರೇನೋ!" ಮಾಮ ವೇದಿಕೆಯ ಮೇಲೆ ಬಗ್ಗಿ, ಮೇಜಿನ ಕಾಲಿನಡಿಯಿಂದ ಅದನ್ನು ಎಳೆದು ಅವನ ಅಂಗೈಗೆ ಹಾಕಿದ. "ಈ ಮೇಜು ಒಂದೇ ಸಮ ಅಲ್ಲಾಡ್ತಿತ್ತು ಕಣಪ್ಪಾ. ಸಾಹೇಬ್ರು ನಿನ್ನ ಫೈಲಿಗೆ ಸಹಿ ಹಾಕುವಾಗ ಕೈ ತಪ್ಪಬಾರ್ದಲ್ಲ ಅಂತ ಒತ್ತು ಕೊಟ್ಟಿದ್ದೆ."