ನಮ್ಮ ಮನೆಯ ಗೋಧಿ ಮಡಿ

ದಿನಾ ಬೆಳಿಗ್ಗೆ ಎರಡು ಡಬ್ಬಿ ಕಟ್ಟುವ ಹೆಂಗಸಿಗೆ ಟೀವಿಯ ಧಾರಾವಾಹಿ ಬೇಕಾಗುವುದಿಲ್ಲ. ಮುಚ್ಚಳ ಹಾಕಿ ಕಳಿಸಿದ ಡಬ್ಬಿ ಸಂಜೆ ತಿರುಗಿ ಬರುವಾಗ ಒಂದಲ್ಲ ಒಂದು ಸುದ್ದಿ ಹೊತ್ತುಕೊಂಡೇ ಬರುತ್ತದೆ. ನನ್ನ ಮಕ್ಕಳ ಡಬ್ಬಿಗಳಂತೂ ಹನ್ನೆರಡು ವರ್ಷ ಒಂದು ದಿನವೂ ಸುಮ್ಮನೆ ಬರಲಿಲ್ಲ. ಅದರಲ್ಲಿ ಮೊದಲನೆಯ ವರ್ಷದ ನಾಲ್ಕೈದು ಸಂಗತಿ ಮಾತ್ರ ಇಲ್ಲಿ ಹೇಳುತ್ತೇನೆ.

ಡಾಕ್ಟರ ಪಟ್ಟಿ

ತೊಂಬತ್ತೆಂಟನೆಯ ಇಸವಿಯ ಜೂನ್ ತಿಂಗಳು. ನಾವಾಗ ಚಿಂಚವಾಡದಲ್ಲಿದ್ದೆವು. ನನ್ನ ಗಂಡನಿಗೆ ಅಲ್ಲಿಯ ಕಾರ್ಖಾನೆಯಲ್ಲಿ ಕೆಲಸ. ಮಗಳು ಮೂರನೆಯ ಇಯತ್ತೆ, ಮಗ ಒಂದನೆಯದು. ಇಬ್ಬರಿಗೂ ಯಾವಾಗಲೂ ಹೊಟ್ಟೆಯ ತಕರಾರು, ಕೈಕಾಲು ಕಡ್ಡಿ. ಪುಣೆಯ ದೊಡ್ಡ ಡಾಕ್ಟರು ಏನೇನೋ ತಪಾಸಣೆ ಮಾಡಿಸಿ ಕೊನೆಗೆ ಹೇಳಿದರು: "ಇವರ ಕರುಳಿಗೆ ಗೋಧಿ ಆಗಿಬರುವುದಿಲ್ಲ. ಚಪಾತಿ, ಬ್ರೆಡ್ಡು, ಬಿಸ್ಕಿಟ್ಟು, ರವೆ, ಮೈದಾ, ಶಾವಿಗೆ ಎಲ್ಲ ಬಂದ್. ಜೀವನಪೂರ್ತಿ."

ಅಷ್ಟಕ್ಕೇ ಮುಗಿಯಲಿಲ್ಲ. ಗೋಧಿ ಬೇಯಿಸಿದ ಹಂಚು ಬೇರೆ, ಲಟ್ಟಣಿಗೆ ಬೇರೆ, ಗೋಧಿಹಿಟ್ಟು ಮುಟ್ಟಿದ ಕೈ ಮಕ್ಕಳ ಊಟಕ್ಕೆ ತಾಗಬಾರದು, ಹಿಟ್ಟಿನ ಧೂಳು ಕೂಡ ಬೀಳಬಾರದು. ನನಗೆ ತಲೆ ತಿರುಗಿತು. ನನ್ನ ಗಂಡ ಎರಡು ಸಲ ಕೇಳಿದರು, ಎರಡು ಸಲವೂ ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮ ಅತ್ತೆ, ವಿಜಾಪುರದ ಕಡೆಯವರು, ನಲವತ್ತು ವರ್ಷ ಒದ್ದೆ ಸೀರೆಯಲ್ಲಿ ಮಡಿ ಅಡುಗೆ ಮಾಡಿದವರು, ತಮಗೆ ಬಂದಷ್ಟು ಮರಾಠಿಯಲ್ಲಿ ಡಾಕ್ಟರಿಗೇ ತಿಳಿಸಿ ಹೇಳಿದರು.

"ಅಂದ್ರ ಗೋಧಿ ಮೈಲಿಗಿ ಅಂತ ಅನ್ರಿ ಡಾಕ್ಟರ್ ಸಾಹೇಬ್ರ. ಅಷ್ಟ ತಾನೆ? ಅದಕ್ಯಾಕ ಇಷ್ಟು ಸುತ್ತಿ ಬಳಸಿ ಹೇಳ್ಲಿಕ್ಕತ್ತೀರಿ?"

ಡಾಕ್ಟರು ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದರು. "ಇಷ್ಟು ಬೇಗ ಯಾರಿಗೂ ತಿಳಿದಿಲ್ಲ" ಅಂದರು. ಆಮೇಲೆ ಒಂದು ಮಾತು ಸೇರಿಸಿದರು. ಹುಡುಗಿಯ ತೂಕ ಭಾಳ ಕಮ್ಮಿ, ಒಂದೂವರೆ ಕಿಲೋ ಏರುವ ತನಕ ಓಟ, ಆಟ, ಸಾಲೆಯ ಟ್ರಿಪ್ಪು ಯಾವುದೂ ಬೇಡ. ನನ್ನ ಮಗಳ ಮುಖ ಅಲ್ಲೇ ಬಾಡಿತು. ಡಿಸೆಂಬರಿನಲ್ಲಿ ಅವಳ ವರ್ಗದವರು ಒಂದು ಕೋಟೆ ನೋಡಲು ಹೋಗುವವರಿದ್ದರು, ಅವಳು ಮೇ ತಿಂಗಳಿಂದಲೇ ದಿನ ಎಣಿಸುತ್ತಿದ್ದಳು.

ಮರುದಿನದಿಂದ ಮನೆಯಲ್ಲಿ ಗೋಧಿ ಮಡಿ ಶುರು. ಅತ್ತೆ ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದರು. "ನಿನ್ನಿ ಗೋಧಿ ಇನ್ನೂ ಕಲ್ಲಿನ್ಯಾಗ ಕೂತಿರ್ತದ" ಎಂದು ಮೊದಲು ಒಂದಿಷ್ಟು ಅಕ್ಕಿ ಬೀಸಿಸಿ, ಆಮೇಲೆ ನಮ್ಮ ಜೋಳ. ಆ ಅಕ್ಕಿಹಿಟ್ಟು ತಿನ್ನುವ ಹಾಗಿಲ್ಲ, ಚೆಲ್ಲಲು ಅವರಿಗೆ ಮನಸ್ಸಿಲ್ಲ, ಹಾಗಾಗಿ ರಂಗೋಲಿಗೆ ಹೋಗುತ್ತಿತ್ತು. ನನ್ನ ಗಂಡನಿಗೆ ಚಪಾತಿ ಇಲ್ಲದೆ ಆಗದು. ಅವರು ಹೊರಗಿಂದ ಚಪಾತಿ ತಂದು ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಒಬ್ಬರೇ ಕೂತು ತಿಂದು, ಅಂಗಿ ಬದಲಿಸಿ ಒಳಗೆ ಬರಬೇಕು. ತಿಂಗಳೊಳಗೆ ಇಡೀ ಕಾಲನಿಗೆ ಎರಡು ವಿಷಯ ಗೊತ್ತಾಗಿತ್ತು. ಒಂದು, ನಮ್ಮಷ್ಟು ದೊಡ್ಡ ರಂಗೋಲಿ ಯಾರ ಬಾಗಿಲಲ್ಲೂ ಇಲ್ಲ. ಎರಡು, ನಾನು ಗಂಡನಿಗೆ ಮನೆಯೊಳಗೆ ಊಟ ಹಾಕುವುದಿಲ್ಲ.

ಕರಂ ಕುರುಂ

ಮಕ್ಕಳ ಸಾಲೆಯಲ್ಲಿ ಒಂದು ನಿಯಮ. ಡಬ್ಬಿಯಲ್ಲಿ ಪೋಳಿ-ಭಾಜಿಯೇ ಇರಬೇಕು, ಅಂದರೆ ಚಪಾತಿ, ಪಲ್ಯ. ಬಡವರ ಮಗುವೂ ಸಾಹುಕಾರರ ಮಗುವೂ ಒಂದೇ ಊಟ ಉಣ್ಣಲಿ ಎಂದು ಮಾಡಿದ್ದು, ನಿಯಮ ಒಳ್ಳೆಯದೇ. ನಾನು ಮಾತ್ರ ಹೆದರಿ ಬುದ್ಧಿವಂತಿಕೆ ಮಾಡಲು ಹೋದೆ. ಜೋಳದ ರೊಟ್ಟಿಯನ್ನು ಆದಷ್ಟು ತೆಳ್ಳಗೆ ಬಡಿದು, ಬಟ್ಟಲು ಕವುಚಿ ಅಂಚು ಕತ್ತರಿಸಿ, ನೋಡಿದವರು ಪೋಳಿ ಅನ್ನಬೇಕು ಹಾಗೆ ಮಾಡಿ ಕಳಿಸಿದೆ.

ಮಧ್ಯಾಹ್ನದ ಹೊತ್ತಿಗೆ ಅದು ಒಣಗಿ ಹಪ್ಪಳವಾಗಿತ್ತಂತೆ. ಸಂಜೆ ಮಗಳ ಡೈರಿಯಲ್ಲಿ ಟೀಚರ್ ಕೆಂಪು ಮಸಿಯಲ್ಲಿ ಬರೆದಿದ್ದರು: "ಡಬ್ಬಿಯಲ್ಲಿ ಚಿಪ್ಸ್ ಕಳಿಸಬಾರದು. ಶಬ್ದ ಇಡೀ ವರ್ಗಕ್ಕೆ ಕೇಳಿಸುತ್ತದೆ."

ಮರುದಿನ ನಾನು ಡಾಕ್ಟರ ಚೀಟಿ ಹಿಡಿದು ಸಾಲೆಗೆ ಹೋದೆ. ಟೀಚರ್ ಚೀಟಿ ಓದಿ, "ಅಯ್ಯೋ ಪಾಪ" ಎಂದು, ತಾವೇ ಒಂದು ಉಪಾಯ ಹೇಳಿದರು. "ನೋಡುವುದಕ್ಕೆ ಒಂದು ಪೋಳಿ ಬದಿಗೆ ಇಟ್ಟು ಕಳಿಸಿ. ತಿನ್ನದಿದ್ದರೂ ನಡೆಯುತ್ತದೆ. ಉಳಿದ ಮಕ್ಕಳು ಕೇಳುವುದಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಮಗಳು ಮರಾಠಿಯಲ್ಲಿ ಹೇಳಿದಳು. "ಟೀಚರ್, ಮುಟ್ಟಿದರೆ ಮುಗಿಯಿತು. ನಮ್ಮ ಮನೆಯಲ್ಲಿ ಅಪ್ಪನೇ ಹೊರಗೆ ಕೂಡುತ್ತಾರೆ."

ಎಂಟು ವರ್ಷದ ಹುಡುಗಿ ಅಷ್ಟು ಸಲೀಸಾಗಿ ಹೇಳಿದ್ದು ನೋಡಿ ನಾನು ದಂಗಾದೆ. ಟೀಚರ್ ಒಪ್ಪಿದರು. ಆದರೆ ಬೇರೆಯವರ ಪೋಳಿಯ ತುಣುಕು ಬೀಳಬಾರದೆಂದು ಅವಳನ್ನು ಊಟದ ಹೊತ್ತಿಗೆ ಕಿಟಕಿಯ ಹತ್ತಿರದ ಬೇರೆ ಬೆಂಚಿನಲ್ಲಿ ಒಬ್ಬಳೇ ಕೂರಿಸಿದರು. ತಪ್ಪು ಅವರದಲ್ಲ. ಆದರೂ ಅಪ್ಪನ ಹಾಗೆ ಮಗಳೂ ಹೊರಗಾದಳಲ್ಲ ಅನ್ನಿಸಿತು. ಸಂಜೆ ಸಂಗತಿ ಕೇಳಿದ ನನ್ನ ಗಂಡ ಮಗಳಿಗೆ ಸಮಾಧಾನ ಹೇಳಿದರು. "ಹೊರಗ ಗಾಳಿ ಛಲೋ ಬರ್ತದವಾ."

ದೇವರ ಪಾಲು

ಶ್ರಾವಣದಲ್ಲಿ ಮೇಲಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಅನ್ನುತ್ತಿದ್ದವರು, ಸತ್ಯನಾರಾಯಣ ಪೂಜೆ ಮಾಡಿಸಿದರು. ಪ್ರಸಾದ ರವೆಯ ಶಿರಾ. ತುಪ್ಪದ ವಾಸನೆ ಕೆಳಗಿನ ಮಾಳಿಗೆಯ ತನಕ ಬಂದಿತ್ತು. ಕಾಕು ನನ್ನ ಮಗನ ಕೈಯಲ್ಲಿ ಒಂದು ಉಂಡೆ ಇಟ್ಟೇಬಿಟ್ಟರು. ನಾನು ಬೇಡ ಅಂದರೆ, "ದೇವರ ಪ್ರಸಾದದಿಂದ ಯಾರಿಗೂ ಏನೂ ಆಗುವುದಿಲ್ಲ" ಅಂದರು.

ಆರು ವರ್ಷದ ಹುಡುಗ ಆ ಉಂಡೆಯನ್ನು ನೋಡಿದ. ಅವನ ಗಂಟಲು ಏರಿ ಇಳಿದದ್ದು ನನಗೆ ಕಾಣಿಸಿತು. ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ದೇವರನ್ನು ಕೂರಿಸಿದ್ದ ಚೌರಂಗದ ಮುಂದೆ ಹೋಗಿ, ದೇವರ ಮುಂದಿನ ಬಾಳೆಎಲೆಯ ಮೇಲೆ ಇಟ್ಟ. ಅವನು ಹೊರಗೆ ಎಲ್ಲರ ಹತ್ತಿರ ಮರಾಠಿಯಲ್ಲೇ ಮಾತಾಡುತ್ತಿದ್ದ. ದೇವರ ಹತ್ತಿರ ಮಾತ್ರ ಕನ್ನಡ, ಅಜ್ಜಿಯಿಂದ ಕಲಿತದ್ದು.

"ದೇವರ, ನಂದೂ ನೀನ ತಿನ್ನು. ನಂಗ ಆಗಂಗಿಲ್ಲ. ನಿಂಗೇನೂ ಆಗಂಗಿಲ್ಲಂತ, ಕಾಕು ಹೇಳಿದ್ರು."

ಕಾಕುವಿಗೆ ಕನ್ನಡ ಬರುತ್ತಿರಲಿಲ್ಲ. ಏನು ಹೇಳಿದ ಎಂದು ಕೇಳಿದರು. ಹೇಳಿದೆ. ಅವರು ಕಣ್ಣಿಗೆ ಸೆರಗು ಹಚ್ಚಿಕೊಂಡರು. ನನ್ನ ಕಣ್ಣೂ ತುಂಬಿತ್ತು. ಮಗ ನನ್ನ ಸೀರೆ ಜಗ್ಗಿ ಪಿಸುಗುಟ್ಟಿದ. "ಅಮ್ಮಾ, ಕೈಗೆ ತುಪ್ಪ ಹತ್ಯದ. ನೆಕ್ಕಂಗಿಲ್ಲಲ್ಲಾ? ಲಗೂ ತೊಳಿ, ಇಲ್ಲಾಂದ್ರ ನೆಕ್ಕಿಬಿಡ್ತೀನಿ."

ಕಳ್ಳ ಒಳಗೇ ಇದ್ದ

ಇಷ್ಟೆಲ್ಲ ಮಾಡಿಯೂ ತೂಕ ಏರಲಿಲ್ಲ. ಜುಲೈ ಹೋಯಿತು, ಆಗಸ್ಟು ಹೋಯಿತು, ಸಪ್ಟೆಂಬರಿನಲ್ಲೂ ತಕ್ಕಡಿಯ ಮುಳ್ಳು ಅಲ್ಲೇ. ಡಾಕ್ಟರು ಮಗಳನ್ನು ಹೊರಗೆ ಕಳಿಸಿ ನನಗೆ ಹೇಳಿದರು. "ಎಲ್ಲೋ ಕದ್ದು ತಿನ್ನುತ್ತಿದ್ದಾಳೆ. ವಿಚಾರಿಸಿ."

ನಾನು ವಿಚಾರಿಸಿದೆ. ಅದೂ ನೆಟ್ಟಗೆ ಅಲ್ಲ, ಗದರಿಸಿ. ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಮಗಳು ಅಳಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ, ಸ್ಟೂಲು ಹಾಕಿಕೊಂಡು ಕಪಾಟಿನ ಡಬ್ಬಿ, ಪೊಟ್ಟಣ ಒಂದೊಂದೇ ಇಳಿಸಿ ನೆಲದ ಮೇಲೆ ಸಾಲಾಗಿ ಇಟ್ಟಳು.

"ಏನ್ ನಡಸೀಯ?" ಅಂದರು ಅತ್ತೆ.

"ನಾ ಕದ್ದು ತಿಂದಿಲ್ಲ ಅಜ್ಜಿ. ಹಂಗಾದ್ರ ನೀವ ತಿನ್ನಿಸೀರಿ. ಯಾವುದ್ರಾಗ ಅದ ಅಂತ ಹುಡಕ್ತೀನಿ."

ಬೆರಳಿಟ್ಟು ಒಂದೊಂದು ಅಕ್ಷರ ಕೂಡಿಸಿ ಓದುತ್ತ ಹೋದಳು. ಉಪ್ಪು, ಅರಿಶಿನ, ಸಾಬೂದಾಣಿ. ಕೊನೆಗೆ ಇಂಗಿನ ಡಬ್ಬಿ. ಓದಿ ನಿಲ್ಲಿಸಿದಳು. ಮತ್ತೆ ಓದಿದಳು. "ಅಜ್ಜಿ, ಇದ್ರಾಗ ಇಂಗು ಕಡೀಕದ. ಮೊದಲು ಗೋಧಿಹಿಟ್ಟು."

ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲ. ಇರುವುದೆಲ್ಲ ಇಂಗು. ಸಾರಿಗೆ ಇಂಗು, ಪಲ್ಯಕ್ಕೆ ಇಂಗು, ಡಬ್ಬಿಗೆ ದಿನಾ ಹಾಕುವ ಅಗಸಿ ಚಟ್ನಿಗೆ ಎರಡು ಚಿಟಿಕೆ ಹೆಚ್ಚೇ ಇಂಗು. ಅತ್ತೆ ಮೂರು ಸಲ ಓದಿಸಿದರು. ಆಮೇಲೆ ಕೂತಲ್ಲೇ ಹಣೆಗೆ ಕೈ ಹಚ್ಚಿದರು. "ಮಗನ್ನ ಗ್ಯಾಲರಿಗೆ ಹಾಕಿ, ಕಳ್ಳನ್ನ ಒಗ್ಗರಣಿ ಡಬ್ಬ್ಯಾಗ ಕೂಡಿಸಿಕೊಂಡಿದ್ದೆನಲ್ಲೋ!" ಆ ಡಬ್ಬಿಯನ್ನು ಎರಡೇ ಬೆರಳಲ್ಲಿ ಹಿಡಿದು ಕಸದ ಬುಟ್ಟಿಗೆ ಹಾಕಿ, ಮಧ್ಯಾಹ್ನ ಎರಡು ಗಂಟೆಗೆ ತಲೆಸ್ನಾನ ಮಾಡಿ ಬಂದರು. ಆ ದಿನದಿಂದ ತಾವೂ ಇಂಗು ಮುಟ್ಟಲಿಲ್ಲ. ಇಂಗಿಲ್ಲದ ಸಾರು ಅವರಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ನಾನು ಮಗಳಿಗೆ ತಪ್ಪಾಯಿತು ಅಂದೆ. "ಇರಲಿ ಅಮ್ಮಾ, ನಿನಗೂ ಗೊತ್ತಿದ್ದಿಲ್ಲ" ಅಂದಳು, ನನಗಿಂತ ದೊಡ್ಡವಳ ಹಾಗೆ.

ನವೆಂಬರ್ ಕೊನೆಗೆ ತೂಕ ನೋಡಿದರೆ ಒಂದೂಮುಕ್ಕಾಲು ಕಿಲೋ ಏರಿತ್ತು. ಇಂಗಿನ ಕತೆ ಕೇಳಿ ಡಾಕ್ಟರು ಎದ್ದು ನಿಂತು ಮಗಳ ಕೈ ಕುಲುಕಿದರು, ತಮ್ಮ ಪಟ್ಟಿಯಲ್ಲಿ ಇಂಗನ್ನೂ ಬರೆದುಕೊಂಡರು. ಹೊರಗೆ ಬರುತ್ತ ಅತ್ತೆ ಅಂದರು: "ಡಾಕ್ಟರ್ ಭಾಳ ಶಾಣ್ಯಾ. ಪಾಪ, ಅಡಗಿಮನಿ ಒಂದು ನೋಡಿಲ್ಲ."

ಕೋಟೆಯ ಮೇಲೆ

ಟ್ರಿಪ್ಪಿನ ದಿನ ಅತ್ತೆ ನಸುಕಿಗೇ ಎದ್ದು ಹದಿನೈದು ರೊಟ್ಟಿ ಬಡಿದರು. "ಒಬ್ಬಾಕಿಗೆ ಇಷ್ಟ್ಯಾಕ್ರಿ ಅತ್ಯಾ?" ಅಂದರೆ, "ಕೋಟಿ ಏರಿದ್ರ ಹಸಿವಾಗ್ತದ" ಅಂದರು. ಬಟ್ಟೆಯಲ್ಲಿ ಗಂಟು ಕಟ್ಟಿ, ಚಟ್ನಿಗೆ ಎಣ್ಣೆ ಕಲಸಿ ಕೊಟ್ಟರು.

ಸಂಜೆ ಬಸ್ಸು ಬಂದಾಗ ಟೀಚರ್ ನನ್ನನ್ನು ಬದಿಗೆ ಕರೆದು ನಡೆದದ್ದು ಹೇಳಿದರು. ಮೇಲೆ ಹೋದಮೇಲೆ ಮಕ್ಕಳೆಲ್ಲ ಡಬ್ಬಿ ಬಿಚ್ಚಿದರು. ನನ್ನ ಮಗಳು ಅಭ್ಯಾಸದಂತೆ ದೂರ ಹೋಗಿ ಒಂದು ಕಲ್ಲಿನ ಮೇಲೆ ಒಬ್ಬಳೇ ಕೂತಳು. ಒಬ್ಬ ಹುಡುಗಿ ಅಲ್ಲಿಗೇ ಹೋಗಿ ರೊಟ್ಟಿ ಕೇಳಿದಳು. "ಕೈ ತೊಳೆದುಕೊಂಡು ಬಾ. ಬಾಯಿ ಮುಕ್ಕಳಿಸು. ಆಮೇಲೆ ಬಾ" ಅಂದಳಂತೆ ನನ್ನ ಮಗಳು. ಆ ಹುಡುಗಿ ತೊಳೆದು ಬಂದಳು, ತಿಂದಳು, ಮತ್ತೊಬ್ಬಳನ್ನು ಕರೆದಳು. ಸ್ವಲ್ಪ ಹೊತ್ತಿಗೆ ನಲವತ್ತು ಮಕ್ಕಳು ಅಲ್ಲಿದ್ದ ನಲ್ಲಿಯ ಮುಂದೆ ಸಾಲು ನಿಂತಿದ್ದರು.

"ಕೈ ತೊಳೆಯಿರಿ ಎಂದು ವರ್ಷಾನುಗಟ್ಟಲೆ ಕಿರುಚಿ ನನ್ನ ಗಂಟಲು ಹೋಯಿತು. ಇವಳು ಒಂದು ರೊಟ್ಟಿ ತೋರಿಸಿ ಮಾಡಿಸಿದಳು" ಅಂದರು ಟೀಚರ್. "ನಾನೂ ಒಂದು ತುಣುಕು ಕೇಳಿದೆ. ಗಂಟು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, 'ಟೀಚರ್, ನೀವು ಬಸ್ಸಿನಲ್ಲಿ ಬಿಸ್ಕಿಟ್ ತಿಂದಿದ್ದೀರಿ, ಸಾಲಿನಲ್ಲಿ ನಿಲ್ಲಿ' ಅಂದಳು. ನಿಂತೆ."

ನಮ್ಮ ಅತ್ತೆಯ ಮಡಿಯಲ್ಲಿ ಯಾರೂ ಒಳಗೆ ಬರುವಂತಿರಲಿಲ್ಲ. ನನ್ನ ಮಗಳ ಮಡಿಯಲ್ಲಿ ಕೈ ತೊಳೆದವರೆಲ್ಲ ಬರಬಹುದಿತ್ತು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸೋಮವಾರದಿಂದ ಕಿಟಕಿಯ ಬೆಂಚಿನ ಸುತ್ತ ದಿನಾ ಐದಾರು ಜನ ಕೈ ತೊಳೆದು ಕೂಡುತ್ತಿದ್ದರು. ಆ ವಾರದ ಕೊನೆಗೆ ಡೈರಿಯಲ್ಲಿ ಮತ್ತೆ ಕೆಂಪು ಮಸಿ. ಹೆದರುತ್ತಲೇ ತೆರೆದು ಅತ್ತೆಗೆ ಓದಿ ಹೇಳಿದೆ: "ಎರಡು ರೊಟ್ಟಿ ಸಾಲುವುದಿಲ್ಲ. ನಿಮ್ಮ ಮಗಳ ಪಾಲಿಗೂ ಉಳಿಯುವಷ್ಟು ಕಳಿಸಿ."

ಅತ್ತೆ ಡೈರಿ ಕೈಗೆ ತೆಗೆದುಕೊಂಡರು. ಅವರಿಗೆ ಓದಲು ಬರುತ್ತಿರಲಿಲ್ಲ. ಪುಟದ ಅಂಚಿನಲ್ಲಿ, ಟೀಚರ್ ಸಹಿಯ ಪಕ್ಕ, ಒಂದು ಎಣ್ಣೆಯ ಹೆಬ್ಬೆರಳ ಗುರುತು ಮೂಡಿತ್ತು. ಅದನ್ನು ಕಂಡು ಅವರ ಹುಬ್ಬು ಗಂಟಿಕ್ಕಿತು. ಪೋಳಿಯ ಎಣ್ಣೆಯೋ ಏನೋ ಎಂದು ಪುಟವನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು. ಮುಖ ಅರಳಿತು.

"ನಮ್ಮ ಅಗಸಿ ಚಟ್ನಿ ಅದ" ಅಂದರು. "ನಾಳಿಂದ ಟೀಚರ್‌ದೂ ಹಿಡಿದು ಹಿಟ್ಟು ಕಲಸು."