ನನ್ನ ಗಲ್ಲದ ರಿಪೇರಿ

ಐವತ್ತು ವರ್ಷ ನನ್ನ ಮುಖದ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ. ಬಲಗಲ್ಲದ ಮೇಲೆ ಕಡಲೆಕಾಳಿನಷ್ಟು ದೊಡ್ಡ ಕರಿ ಮಚ್ಚೆಯೊಂದು ಇತ್ತು, ನಿಜ. ಅದು ಅದೃಷ್ಟದ ಗುರುತು ಅಂತಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಬನಹಟ್ಟಿಯ ನಮ್ಮ ಸೀರೆ ಅಂಗಡಿ ಚಲೋ ನಡೆದು, ಜಮಖಂಡಿಯಲ್ಲಿ ಇನ್ನೊಂದು ಅಂಗಡಿ ತೆರೆಯುವ ವಿಚಾರ ಬಂದಾಗ ತೊಂದರೆ ಶುರುವಾಯಿತು. ಜಾಹೀರಾತಿನ ಫ್ಲೆಕ್ಸ್ ಮೇಲೆ ನನ್ನ ಮುಖವೇ ಇರಬೇಕೆಂದು ಹಟ ಹಿಡಿದು ಹಾಕಿಸಿದೆ. ಎರಡಾಳು ಎತ್ತರದ ನನ್ನ ಮುಖ, ಅದರ ಮೇಲೆ ಕೊಡದಷ್ಟು ದೊಡ್ಡ ಮಚ್ಚೆ. ಸಂಜೆ ಹೋಗಿ ನೋಡಿದರೆ ಲೈನ್‌ಮನ್ ಒಬ್ಬ ಏಣಿ ಹತ್ತಿ ಅರಿವೆಯಿಂದ ನನ್ನ ಗಲ್ಲ ಒರೆಸುತ್ತಿದ್ದ. ಯಾರೋ ಕಿಡಿಗೇಡಿಗಳು ಸಗಣಿ ಹೊಡೆದಿದ್ದಾರೆಂದು ಪಾಪ, ಅವನ ತಿಳುವಳಿಕೆ.

"ಎಷ್ಟ ತಿಕ್ಕಿದ್ರೂ ಹೋಗವಲ್ದರಿ" ಅಂದ.

ನಾನು ನನ್ನ ಗಲ್ಲ ತೋರಿಸಿದೆ. ಅವನು ಏಣಿ ಇಳಿದು, ಕೈಮುಗಿದು ಹೋದ.

ಫ್ಲೆಕ್ಸ್ ಇಳಿಸಿದೆ. ಮಚ್ಚೆಯನ್ನೂ ಇಳಿಸುವುದೆಂದು ತೀರ್ಮಾನಿಸಿದೆ. ಬೆಳಗಾವಿಯ ಪ್ಲಾಸ್ಟಿಕ್ ಸರ್ಜರಿ ಡಾಕ್ಟರು ಅದನ್ನು ಕತ್ತರಿಸಿ ತೆಗೆದು ನಾಜೂಕಾಗಿ ಹೊಲಿಗೆ ಹಾಕಿದರು. ಹೊಲಿಗೆ ಬಿಚ್ಚಿದ ದಿನ ನನ್ನನ್ನೂ ನನ್ನ ಹೆಂಡತಿ ಸುಮಿತ್ರಾಳನ್ನೂ ಎದುರಿಗೆ ಕೂರಿಸಿಕೊಂಡು ಸಾವಕಾಶವಾಗಿ ಹೇಳಿದರು. ಗೆರೆಯಂಥ ಕಲೆ ಉಳಿಯುತ್ತದೆ. ಮೊದಲು ಕೆಂಪಗೆ, ಗಟ್ಟಿಯಾಗಿ ಇರುತ್ತದೆ. ವರ್ಷ ಕಳೆಯುವುದರೊಳಗೆ ಬಹಳಷ್ಟು ಮಾಸುತ್ತದೆ. ಸಿಲಿಕೋನ್ ಜೆಲ್ ತೆಳ್ಳಗೆ ಸವರಬೇಕು, ಬಿಸಿಲಿನಿಂದ ಕಾಪಾಡಬೇಕು, ಉಳಿದಂತೆ ಅದರ ತಂಟೆಗೆ ಹೋಗಬಾರದು. ಸುಮಿತ್ರಾ ತಲೆಯಾಡಿಸುತ್ತ ಕೇಳಿಸಿಕೊಂಡಳು. ನಾನು ಮುಗುಳ್ನಕ್ಕೆ. ಡಾಕ್ಟರು ಓದಿದವರು, ಒಪ್ಪೋಣ. ಆದರೆ ನೇಕಾರರ ಮನೆಯಲ್ಲಿ ಹುಟ್ಟಿದವರಲ್ಲ!

ನಮ್ಮಲ್ಲಿ ಮಗ್ಗದ ಮೇಲೆ ಎಳೆ ಕಡಿದರೆ ಗಂಟು ಹಾಕಿ, ಬೆರಳಿನಿಂದ ಒಂದಿಷ್ಟು ತಿಕ್ಕುತ್ತೇವೆ. ಗಂಟು ಎಲ್ಲಿತ್ತೆಂದು ಹಾಕಿದವನಿಗೂ ಸಿಗುವುದಿಲ್ಲ. ಚರ್ಮವೂ ಒಂದು ನಮೂನೆಯ ಬಟ್ಟೆಯೇ ಅಲ್ಲವೇ? ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಲೇ ಇನ್ನೊಂದು ಕೈಯಿಂದ ಗಲ್ಲ ತಿಕ್ಕತೊಡಗಿದೆ. ತಿಕ್ಕಿದಷ್ಟೂ ಉತ್ಸಾಹ ಹೆಚ್ಚಿತು. ಎಳೆಯಂತಿದ್ದ ಕಲೆ ಉಬ್ಬಿ ಹುರಿಹಗ್ಗವಾಯಿತು.

ಇದರಿಂದ ನಾನು ಧೈರ್ಯಗೆಡಲಿಲ್ಲ. ನೇಯ್ಗೆಯ ಉಪಾಯ ಸೋತರೇನು, ಒಗೆಯುವ ಉಪಾಯ ಇದೆ. ಬಿಳಿ ಬಟ್ಟೆಯ ಮೇಲೆ ಕಲೆ ಬಿದ್ದರೆ ಲಿಂಬೆಹಣ್ಣು ತಿಕ್ಕಿ ಬಿಸಿಲಿಗೆ ಹಾಕುವುದು ನಮ್ಮವ್ವನ ಕಾಲದಿಂದ ಬಂದ ಪದ್ಧತಿ. ಲಿಂಬೆಹಣ್ಣು ತೆಗೆದುಕೊಂಡು ಮಾಳಿಗೆ ಹತ್ತಿದೆ. ಬಲಗಲ್ಲ ಸೂರ್ಯನಿಗೆ ಒಪ್ಪಿಸಿ ಮಲಗಿದೆ. ಬಿಸಿಲು ಸಾಮಾನ್ಯದ್ದಲ್ಲ, ನಮ್ಮ ಬನಹಟ್ಟಿಯ ಬ್ಯಾಸಿಗೆ ಬಿಸಿಲು. ಸ್ವಲ್ಪ ಹೊತ್ತಿಗೆ ಸುಮಿತ್ರಾ ಹುಡುಕುತ್ತ ಮೇಲೆ ಬಂದಳು.

"ಡಾಕ್ಟರ್ ಬಿಸಲು ಬ್ಯಾಡ ಅಂದಾರ. ನೀವು ಹಪ್ಪಳದಂಗ ಮಾಳಿಗಿ ಮ್ಯಾಲ ಒಣಗಾಕತ್ತೀರಿ."

ಗಂಡಸರ ವೈಜ್ಞಾನಿಕ ಪ್ರಯೋಗಗಳು ಹೆಂಗಸರಿಗೆ ತಿಳಿಯುವುದಿಲ್ಲ ಎಂದು ನಾನು ಮಗ್ಗಲು ಬದಲಿಸಲಿಲ್ಲ. ಕೆಲವು ದಿನಗಳಲ್ಲಿ ಗಲ್ಲ ಸುಟ್ಟು, ಸಿಪ್ಪೆ ಎದ್ದು, ಕೊನೆಗೆ ಉತ್ತತ್ತಿಯಷ್ಟು ಉದ್ದದ ಕಪ್ಪು ಕಲೆ ಮೂಡಿತು. ಹೋದ ಮಚ್ಚೆಯೇ ಇದರ ಮುಂದೆ ಸುಂದರವಾಗಿತ್ತು.

ಸುಮಿತ್ರಾ ಡಾಕ್ಟರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಎಲ್ಲವನ್ನೂ ವಿವರಿಸಿದೆ. ಲಿಂಬೆಹಣ್ಣಿನ ಸಂಗತಿಯನ್ನು ಡಾಕ್ಟರು ಎರಡು ಸಲ ಹೇಳಿಸಿ ಕೇಳಿಕೊಂಡರು. ಆಮೇಲೆ, ಇನ್ನಾದರೂ ಬಿಸಿಲಿಗೆ ಮುಖ ಒಡ್ಡಬೇಡಿ ಎಂದರು.

ಈ ಸಲ ಡಾಕ್ಟರ ಮಾತನ್ನು ಅಕ್ಷರಶಃ ಪಾಲಿಸಲು ನಿಶ್ಚಯಿಸಿದೆ. ಅಂಗಡಿ ತೆರೆಯುವ ದಿನ ಹತ್ತಿರ ಬಂದಿತ್ತು. ತಿಮ್ಮಾಪುರದಲ್ಲಿರುವ ಬಾಲ್ಯದ ಗೆಳೆಯ ಹಣಮಂತನನ್ನು ಕರೆಯಲು ಹೊರಟೆ. ಮುಖಕ್ಕೆ ಗೋಡೆಗೆ ಸುಣ್ಣ ಬಳಿದ ಹಾಗೆ ಸನ್‌ಸ್ಕ್ರೀನ್ ಬಳಿದೆ. ಅದರ ಮೇಲೆ ಸುಮಿತ್ರಾಳ ಓಢಣಿಯನ್ನು ಸುತ್ತು ಮೇಲೆ ಸುತ್ತು ಸುತ್ತಿದೆ. ಕಣ್ಣಿಗೆ ಕರಿ ಚಸ್ಮಾ. ಬೈಕಿನಲ್ಲಿ ಹೊರಟ ನನ್ನನ್ನು ಸೂರ್ಯನಿರಲಿ, ಯಮನೂ ಗುರುತಿಸುವಂತಿರಲಿಲ್ಲ.

ಹಣಮಂತನ ನಾಯಿ ರಾಣಿಯೂ ಗುರುತಿಸಲಿಲ್ಲ. ರಾಣಿ ಅಪ್ಪಟ ಮುಧೋಳ ತಳಿ. ಹೋದಾಗಲೆಲ್ಲ ನನ್ನ ಪಾದದ ಮೇಲೆ ತನ್ನ ಉದ್ದ ಮೂತಿ ಇಟ್ಟು ಮಲಗುತ್ತಿದ್ದವಳು, ಅಂದು ನಾನು ಬೈಕ್ ಇಳಿದದ್ದೇ ತಡ, ಎದ್ದು ನಿಂತಳು. ನಾನು ಓಡಿದೆ. ಮುಧೋಳ ನಾಯಿ ಬೆನ್ನು ಹತ್ತಿದಾಗ ಓಡುವುದು ಬರೀ ಮರ್ಯಾದೆಯ ಪ್ರಶ್ನೆ. ಫಲಿತಾಂಶ ಮೊದಲೇ ಗೊತ್ತಿರುತ್ತದೆ. ಓಢಣಿಯ ತುದಿ ಕಾಲಿಗೆ ಸಿಕ್ಕಿ, ದನಗಳಿಗೆ ನೀರಿಡುವ ಕಲ್ಲಿನ ತೊಟ್ಟಿಗೆ ನನ್ನ ಗದ್ದ ಬಡಿದು ಸೀಳಿತು. ಮುಸುಕು ಸಡಿಲಾದಾಗ ರಾಣಿಗೆ ನನ್ನ ಗುರುತು ಸಿಕ್ಕಿತು. ಬಹಳ ಪ್ರೀತಿಯಿಂದ ಅಷ್ಟೂ ಸನ್‌ಸ್ಕ್ರೀನ್ ನೆಕ್ಕಿದಳು.

ಬಡಿಗೆ ಹಿಡಿದು ಓಡಿ ಬಂದ ಹಣಮಂತ ನಿಂತಲ್ಲೇ ನಿಂತ. "ಶೇಖ್ಯಾ, ನೀನೇನಲೇ? ಊರ ಮುಂದ ಮಾರಿ ಮುಚ್ಕೊಂಡ ತಿರಗುವಂಥಾದ್ದು ಏನ್ ಮಾಡೀಪಾ?"

ಉತ್ತರ ಹೇಳಲು ಗದ್ದ ಬಿಡಲಿಲ್ಲ. ಅವನೇ ಮುಧೋಳಕ್ಕೆ ಕರೆದೊಯ್ದು ಹೊಲಿಗೆ ಹಾಕಿಸಿದ.

ಅಂಗಡಿಯ ಉದ್ಘಾಟನೆಗೆ ನಾನು ಕಪ್ಪು ಗಲ್ಲ, ಪಟ್ಟಿ ಹಚ್ಚಿದ ಗದ್ದ ಹೊತ್ತು ಬಾಗಿಲಲ್ಲಿ ನಿಂತು ಎಲ್ಲರನ್ನೂ ಸ್ವಾಗತಿಸಿದೆ. ಸಾವಳಗಿಯಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು ನನ್ನನ್ನು ನೋಡಿ, ಸುಮಿತ್ರಾಳ ಹತ್ತಿರ ಸರಿದು, ಇದೆಲ್ಲ ನಿನ್ನ ಕೈಕೆಲಸವೇನು ಎಂದು ಮೆಲ್ಲಗೆ ಕೇಳಿದರಂತೆ. ಸುಮಿತ್ರಾ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅವರು ಅವಳ ಮೇಲಿನ ಗೌರವದಿಂದ ಒಂದು ಸೀರೆ ಹೆಚ್ಚಿಗೇ ಕೊಂಡರು. ಆಮೇಲೆ ಅಂಗಡಿಯ ಗದ್ದಲದಲ್ಲಿ ನಾನು ಮುಳುಗಿಹೋದೆ. ಆದರೂ ಗಲ್ಲದ ಸೇವೆ ತಪ್ಪಿಸಲಿಲ್ಲ. ಕನ್ನಡಿ ಹಿಡಿದು ನೋಡುವುದು, ಒತ್ತುವುದು, ಕೆರೆಯುವುದು ನಡೆದೇ ಇತ್ತು.

ಕೆಲವು ತಿಂಗಳ ನಂತರ ಮತ್ತೆ ಬೆಳಗಾವಿಗೆ ಹೋದೆವು. ಡಾಕ್ಟರು ಗಲ್ಲ ನೋಡಿ ನಿಟ್ಟುಸಿರು ಬಿಟ್ಟರು. ಗದ್ದ ನೋಡಿ ಚಸ್ಮಾ ಸರಿಮಾಡಿಕೊಂಡರು. ಅಲ್ಲಿ ಕೂದಲೆಳೆಯಷ್ಟು ತೆಳು ಗೆರೆ, ಹುಡುಕಿದರಷ್ಟೇ ಕಾಣುವಂಥದ್ದು. ಇದಕ್ಕೇನು ಹಚ್ಚಿದಿರಿ ಎಂದು ಕುತೂಹಲದಿಂದ ಕೇಳಿದರು.

"ಅದಕ್ಕೇನೂ ಮಾಡಿಲ್ರಿ. ಅಂಗಡಿ ಗದ್ದಲದಾಗ ಮರತ ಬಿಟ್ಟಿದ್ದೆ" ಅಂದೆ.

"ಜೆಲ್ ಹಚ್ಚಿ, ಗಲ್ಲದ್ದನ್ನೂ ಹಾಗೇ ಮರೆತುಬಿಡಿ" ಅಂದರು ಡಾಕ್ಟರು.

ನನಗೆ ಸಮಾಧಾನವಾಯಿತು. ಅಂತೂ ಇಂತೂ ಒಂದು ಸ್ಪಷ್ಟ ಚಿಕಿತ್ಸೆ ಸಿಕ್ಕಿತ್ತು. ಈ ಸಲ ಎಲ್ಲಿಯೂ ತಪ್ಪಬಾರದೆಂದು, ನೆಟ್ಟಗೆ ಕೂತು, ಗಂಭೀರವಾಗಿ ಕೇಳಿದೆ:

"ಮರಿಯೂದು ದಿನಕ್ಕ ಎಷ್ಟ ಸಲರಿ? ಊಟಕ್ಕ ಮೊದ್ಲೋ, ಊಟ ಆದ ಮ್ಯಾಲೋ?"

ಡಾಕ್ಟರು ಚೀಟಿ ಬರೆದು ಸುಮಿತ್ರಾಳ ಕೈಗೆ ಕೊಟ್ಟರು.