ಅಳತೆಗೆ ಕೊಟ್ಟ ಅಂಗಿ

ಸಮಾಜಸೇವೆಗೆ ಬೇಕಾದ ಗುಣಗಳೆಲ್ಲ ನನ್ನಲ್ಲಿವೆ ಎಂಬ ವಿಷಯದಲ್ಲಿ ನನಗೆ ಎಂದೂ ಸಂಶಯವಿರಲಿಲ್ಲ. ಸಂಶಯವಿದ್ದದ್ದು ನನ್ನ ಹೆಂಡತಿ ಗಿರಿಜೆಗೆ ಮಾತ್ರ.

ತಿಕೋಟಾದ ಒಣದ್ರಾಕ್ಷಿ ಗೋದಾಮಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ, ನಾನೂ ವಿಜಯಪುರದ ನಮ್ಮ ಜೋರಾಪುರ ಪೇಟೆಯ ಕೆಲವು ಗೆಳೆಯರೂ ಸೇರಿ ಬಬಲೇಶ್ವರದ ಹತ್ತಿರದ ಜೈನಾಪುರದಲ್ಲಿ ಹುಡುಗಿಯರಿಗೆ ಹೊಲಿಗೆ ತರಬೇತಿ ಶುರು ಮಾಡಿದೆವು. ಶಾಲೆ ಬಿಟ್ಟು ಹೊಲದ ಕೂಲಿಗೆ ಹೋಗುತ್ತಿದ್ದ ಹುಡುಗಿಯರು ಅವರು. ಖರ್ಚೆಲ್ಲ ಸೊಲ್ಲಾಪುರದ ಸುಮನಬಾಯಿಯವರದು. ಅವರಿಗೆ ಅಲ್ಲಿ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆ ಇದೆ. ನಮ್ಮ ಹುಡುಗಿಯರು ಜಂಪರು, ಲಂಗ ಹೊಲಿಯಲು ಕಲಿತಿದ್ದರು. ಆದರೆ ಅಷ್ಟರಿಂದ ವಿಜಯಪುರದ ಯಾವ ಅಂಗಡಿಯವನೂ ಕೆಲಸ ಕೊಡುವುದಿಲ್ಲ. ಅಂಗಿ, ಪ್ಯಾಂಟು ಬರಬೇಕು. ಅದನ್ನು ಕಲಿಸಲು ಮುಂದೆಯೂ ನೆರವು ಕೊಡಬೇಕೋ ಬೇಡವೋ ಎಂದು ಸುಮನಬಾಯಿ ತಾವೇ ಬಂದು ನೋಡಿ ಹೇಳುವವರಿದ್ದರು.

ಅವರು ಫೋನಿನಲ್ಲಿ, ಹುಡುಗಿಯರಿಗೆ ಅಂಗಿ ಹೊಲಿಯಲು ಸ್ವಲ್ಪವಾದರೂ ಬರುತ್ತದೆಯೇ ಎಂದು ಕೇಳಿದರು. ಆ ದಿನದವರೆಗೆ ನಮ್ಮ ಹುಡುಗಿಯರು ಅಂಗಿ ಕತ್ತರಿಸಿದ್ದು ಹಳೆಯ ಪೇಪರಿನಲ್ಲಿ ಮಾತ್ರ. ಹಾಗೆಂದು ಹೇಳಿದ್ದರೆ ಮುಗಿಯುತ್ತಿತ್ತು.

"ಏನ ಕೇಳ್ತೀರಿ ಬಾಯರ, ನಾ ತೊಡೂ ಅಂಗಿನ ನಮ್ಮ ಹುಡುಗ್ಯಾರು ಹೊಲದದ್ದು" ಎಂದುಬಿಟ್ಟೆ.

"ಹಂಗಾದ್ರ ಛಲೋ ಆತು. ಸೋಮವಾರ ಬರ್ತೀನಿ. ಅದನ್ನ ತೊಟ್ಕೊಂಡ ಬರ್ರಿ" ಎಂದರು ಅವರು.

ಮರುದಿನವೇ ಬಟ್ಟೆ ಖರೀದಿಸಿ ಜೈನಾಪುರಕ್ಕೆ ಓಡಿದೆ. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದವಳು ಭಾಗ್ಯಾ. ವಿಷಯ ಕೇಳಿ ಹೆದರಲಿಲ್ಲ, ಹೊಲಿಯೋಣ ಎಂದಳು. ಆಮೇಲೆ ಟೇಪು ಹಿಡಿದುಕೊಂಡು ನಿಂತಲ್ಲೇ ನಿಂತಳು. ನಾನು ಗೋಡೆಗೆ ಅಂಟಿಕೊಂಡು ನಿಂತೆ. ಮಗಳ ವಯಸ್ಸಿನ ಹುಡುಗಿ ಹಿರಿಯನೊಬ್ಬನ ಹೊಟ್ಟೆಯ ಸುತ್ತ ಟೇಪು ಹಾಯಿಸುವುದು ಅವಳಿಗೂ ಸಂಕೋಚ, ನನಗೂ ಸಂಕೋಚ. ಕೊನೆಗೆ ಭಾಗ್ಯಾಳೇ ದಾರಿ ಹುಡುಕಿದಳು. ಹೆಂಗಸರು ಜಂಪರು ಹೊಲಿಸುವಾಗ ಅಳತೆಗೆಂದು ಹಳೆಯದೊಂದನ್ನು ಕೊಡುತ್ತಾರಲ್ಲ, ಹಾಗೆ ಸರ್ ಕೂಡ ತಮಗೆ ಚೆನ್ನಾಗಿ ಹೊಂದುವ ಹಳೆಯ ಅಂಗಿಯೊಂದನ್ನು ಕೊಟ್ಟರಾಯಿತು.

ಫೋನಿನಲ್ಲಿ ಆಡಿದ ಆ ಒಂದು ಮಾತು ಬಿಟ್ಟರೆ, ಇಲ್ಲಿಯವರೆಗೆ ತಪ್ಪು ಯಾರದೂ ಅಲ್ಲ. ಇನ್ನು ಮುಂದಿನದೆಲ್ಲ ನನ್ನದು.

ಮನೆಗೆ ಬಂದು ಟ್ರಂಕು ತೆಗೆದೆ. ದಿನಬಳಕೆಯ ಅಂಗಿಗಳೆಲ್ಲ ತೊಳೆದು ತೊಳೆದು ಜೋತುಬಿದ್ದಿದ್ದವು. ಅಳತೆಗೆ ಹೋಗುವ ಅಂಗಿಗೂ ಒಂದು ಘನತೆ ಬೇಡವೇ? ತಳದಲ್ಲಿ ನಾನು ಕನ್ಯೆ ನೋಡಲು ಹೋದಾಗ ತೊಟ್ಟಿದ್ದ ಅಂಗಿ ಸಿಕ್ಕಿತು. ಆ ದಿನ ನಾನು ಬಹಳ ಚೆನ್ನಾಗಿ ಕಂಡಿದ್ದೆನೆಂದು ನನ್ನ ನೆನಪು. ಅಂದು ನೋಡಿದ ಕನ್ಯೆ ಈಗ ಬಾಗಿಲಲ್ಲೇ ನಿಂತಿದ್ದಳು.

"ಅದರಾಗ ಈಗ ನಿಮ್ಮ ಒಂದ ತೋಳ ಹೊಕ್ಕೀತು ನೋಡ್ರಿ" ಎಂದಳು ಗಿರಿಜೆ.

ಮನುಷ್ಯನ ಮೈಕಟ್ಟು ಬದಲಾಗುವುದಿಲ್ಲ, ನೋಡುವವರ ದೃಷ್ಟಿ ಬದಲಾಗುತ್ತದೆ ಎಂದು ನಾನು ಗಂಭೀರವಾಗಿ ತಿಳಿಸಿಹೇಳಿದೆ. ಗೋದಾಮಿನಲ್ಲಿ ಇಷ್ಟು ವರ್ಷ ರುಚಿ ನೋಡಿದ ಒಣದ್ರಾಕ್ಷಿಯೆಲ್ಲ ಎಲ್ಲಿಗೆ ಹೋಯಿತು ಎಂದು ಅವಳು ಕೇಳಿದಳು. ನಾನು ಆ ಅಂಗಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ ಭಾಗ್ಯಾಳಿಗೆ ಕೊಟ್ಟುಬಂದೆ.

ಹುಡುಗಿಯರು ಪಾಳಿ ಹಚ್ಚಿ ಹೊಲಿದರು. ರವಿವಾರ ಸಂಜೆ ಹೋದಾಗ ಅಂಗಿ ಮುಗಿದಿತ್ತು, ಗುಂಡಿ ಹಚ್ಚುವುದಷ್ಟೇ ಬಾಕಿ. ಬಸ್ಸಿನ ಹೊತ್ತಾಗಿತ್ತು. ಸ್ವಲ್ಪ ತಡೆಯಿರಿ ಎಂದು ಭಾಗ್ಯಾ ಕೇಳಿಕೊಂಡರೂ, ಗುಂಡಿ ಹಚ್ಚಲು ಯಾರಿಗಾದರೂ ತರಬೇತಿ ಬೇಕೇ ಎಂದು ನಕ್ಕು ಕಸಿದುಕೊಂಡು ಬಂದೆ. ಮನೆಯಲ್ಲಿ ಗಿರಿಜೆ ಕೈಚಾಚಿದರೂ ಕೊಡಲಿಲ್ಲ. ಬೆರಳಿಗೆ ಚುಚ್ಚಿಕೊಂಡು, ದಾರ ಹಲ್ಲಿನಿಂದ ಕಡಿದು, ಎಲ್ಲ ಗುಂಡಿಗಳನ್ನೂ ನಾನೇ ಹಚ್ಚಿದೆ. ಅಳತೆಯ ಅಂಗಿಯ ಮೇಲಿಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ತೊಟ್ಟು ನೋಡುವ ಅಗತ್ಯವೇ ಕಾಣಲಿಲ್ಲ!

ಸೋಮವಾರ ಬೆಳಿಗ್ಗೆ ಕಂಡಿತು.

ಗಿರಿಜೆ ನನ್ನನ್ನು ಕಂಬಕ್ಕೆ ಒರಗಿಸಿ, ಉಸಿರು ಒಳಗೆಳೆದುಕೊಳ್ಳಲು ಹೇಳಿ, ಒಂದೊಂದೇ ಗುಂಡಿ ಹಾಕಿದಳು. ಕೈ ಮೇಲೆತ್ತಬೇಡಿ, ಕೂಡಬೇಡಿ, ಆದಷ್ಟು ಮಾತಾಡಬೇಡಿ ಎಂದು ಮೂರು ಅಪ್ಪಣೆ ಕೊಟ್ಟಳು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಜೈನಾಪುರದವರೆಗೆ ನಿಂತೇ ಹೋದೆ. ಕಂಡಕ್ಟರ್ ಎರಡು ಸಲ ನನ್ನ ಮುಖ ನೋಡಿದ.

ಸುಮನಬಾಯಿ ಬಂದರು. ಹುಡುಗಿಯರು ಆರತಿ ಮಾಡಿ ಚಹಾ ಕೊಟ್ಟರು. ಸ್ವಾಗತ ಭಾಷಣ ನನ್ನದು. ಸ್ವಾಗತ ಭಾಷಣವನ್ನು ಉಸಿರು ಬಿಗಿಹಿಡಿದು ಮಾಡಲು ಬರುವುದಿಲ್ಲ. "ಮಾನ್ಯರೇ" ಎನ್ನಲು ದೀರ್ಘವಾಗಿ ಉಸಿರೆಳೆದೆ. ಮೊದಲ ಗುಂಡಿ ಆರತಿ ತಟ್ಟೆಗೆ ಬಡಿದು ಠಣ್ ಎಂದಿತು. ಎರಡನೆಯದು ಸುಮನಬಾಯಿಯವರ ಚಹಾದಲ್ಲಿ ಬಿತ್ತು. ಉಳಿದವು ಎಲ್ಲಿಗೆ ಹೋದವೋ ನೋಡಲಿಲ್ಲ. ಕಾರ್ಯಕ್ರಮವನ್ನು ನನ್ನ ಹೊಟ್ಟೆಯೇ ಉದ್ಘಾಟಿಸಿತು.

ಯಾರೂ ನಗಲಿಲ್ಲ. ಸುಮನಬಾಯಿ ಕಪ್ಪು ಕೆಳಗಿಟ್ಟು, ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ನನ್ನನ್ನು ಅಂಗಡಿಯ ಗೊಂಬೆಯಂತೆ ತಿರುಗಿಸಿ ಹೆಗಲು, ಕಂಕುಳು, ಕಾಲರು ಜಗ್ಗಿ ಜಗ್ಗಿ ನೋಡಿದರು.

"ಇಷ್ಟ ಬಿಗದ್ರೂ ಹೊಲಿಗಿ ಒಂದೂ ಬಿಟ್ಟಿಲ್ಲ. ಆದ್ರ ಈ ಗುಂಡಿ ಯಾರ ಹಚ್ಚ್ಯಾರ? ಗುಂಡಿ ಹಚ್ಚಾಕ ಬರಲಾರದವ್ರಿಗೆ ಮುಂದಿಂದ ಏನ ಕಲಸೂದು?"

ಹುಡುಗಿಯರೆಲ್ಲ ತಲೆ ತಗ್ಗಿಸಿದರು. ನಾನು ಭಾಗ್ಯಾಳ ಕಡೆ ನೋಡಿದೆ. ಅವಳು ತುಟಿ ಬಿಗಿದುಕೊಂಡು ನೆಲ ನೋಡುತ್ತಿದ್ದಳು. ಸರ್ ಮರ್ಯಾದೆ ಹೋಗಬಾರದೆಂದು ಈ ಹುಡುಗಿ ತನ್ನ ಕಲಿಕೆಯನ್ನೇ ಬಿಟ್ಟುಕೊಡಲು ತಯಾರಾಗಿದ್ದಾಳೆ ಎಂದು ತಿಳಿದಾಗ ನನಗೆ ನಿಜವಾಗಿ ನಾಚಿಕೆಯಾಯಿತು. ಆದರೂ, ಬೇರೆ ಯಾರಾದರೂ ಹೇಳಿಯಾರೇನೋ ಎಂದು ಸ್ವಲ್ಪ ಹೊತ್ತು ಕಾದೆ. ಯಾರೂ ಹೇಳಲಿಲ್ಲ.

"ಗುಂಡಿ ನಾ ಹಚ್ಚೀನ್ರಿ ಬಾಯರ" ಎಂದೆ.

"ಮತ್ತ ಈ ಅಳತಿ?"

"ಅದೂ ನಂದ ರೀ. ಕನ್ಯಾ ನೋಡಾಕ ಹೋದಾಗಿಂದು."

ಆಗ ಎಲ್ಲರಿಗಿಂತ ಮೊದಲು ಸುಮನಬಾಯಿಯವರೇ ನಕ್ಕರು. ಆಮೇಲೆ ಹುಡುಗಿಯರ ನಗು ನಿಲ್ಲಲೇ ಇಲ್ಲ. ಅಂಗಿ, ಪ್ಯಾಂಟಿನ ತರಬೇತಿ ಮುಂದುವರಿಯಲಿ, ಕಲಿತವರಿಗೆ ತಮ್ಮ ಕಾರ್ಖಾನೆಯ ಕೆಲಸವನ್ನು ಇಲ್ಲಿಗೇ ಕಳಿಸುತ್ತೇನೆ ಎಂದು ಅವರು ಮಾತು ಕೊಟ್ಟರು. ಹೊರಡುವಾಗ ನನ್ನ ಕಡೆ ತಿರುಗಿ, "ಈ ಸಲ ಒಬ್ಬರನ್ನ ಜಾಸ್ತಿ ತಗೋರಿ. ಸರ್ರೂ ಕಲೀಲಿ" ಎಂದರು.

ಚೇಷ್ಟೆ ಎಂದುಕೊಂಡಿದ್ದೆ. ಅಲ್ಲ. ಈಗ ನಾನು ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂಡುತ್ತೇನೆ. ನಮ್ಮವರಿಗೆ ಈ ವಯಸ್ಸಿನಲ್ಲಿ ಅಡ್ಮಿಷನ್ ಸಿಕ್ಕಿತೆಂದು ಗಿರಿಜೆ ಪೇಟೆಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಗುಂಡಿ ಹಚ್ಚುವುದನ್ನು ಕಲಿಸಲು ಭಾಗ್ಯಾಳೇ ನಿಲ್ಲುತ್ತಾಳೆ. ಮೊನ್ನೆ ಗುಂಡಿ ಹಚ್ಚುವ ಪರೀಕ್ಷೆಯಾಯಿತು. ಹುಡುಗಿಯರೆಲ್ಲ ಪಾಸಾದರು. ಭಾಗ್ಯಾ ನನ್ನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಅದು ಅವಳ ಕೈಗೇ ಬಂತು.

"ಸರ್, ನೀವು ಮುಂದಿನ ಸಲ ಪರೀಕ್ಷಾಕ್ಕ ಕುಂದರ್ರಿ" ಎಂದಳು, ಬಹಳ ಗೌರವದಿಂದ.